ಹೊಸತನದ ನಷ್ಟ ಯಾರ ಲೆಕ್ಕಕ್ಕೆ?

ಉದ್ಯಮದ ಮಾತು ಬಂದಲ್ಲೆಲ್ಲ ಈಚಿನ ವರ್ಷಗಳಲ್ಲಿ ಒಂದು ತೀರ್ಮಾನ ಕೇಳಿಬರುತ್ತಿದೆ. ನಮ್ಮವರಿಗೆ ದುಡಿಮೆ ಗೊತ್ತು, ಲೆಕ್ಕ ಗೊತ್ತು, ಹೊಸದಾಗಿ ಯೋಚಿಸುವುದು ಮಾತ್ರ ಗೊತ್ತಿಲ್ಲ; ಹಾಗಾಗಿ ಮೊದಲು ಬದಲಾಗಬೇಕಾದದ್ದು ತಲೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದಂಥ ಊರಿನ ಬಗ್ಗೆ ಇದನ್ನು ಇನ್ನಷ್ಟು ಖಚಿತವಾಗಿ ಹೇಳುತ್ತಾರೆ. ಕುಂಬಳೆಯಿಂದ ಮುಳ್ಳೇರಿಯಕ್ಕೆ ಹೋಗುವ ರಸ್ತೆಯೂ ಚೆರ್ಕಳದಿಂದ ಕಲ್ಲಡ್ಕಕ್ಕೆ ಹೋಗುವ ರಸ್ತೆಯೂ ಕೂಡುವ ಪೇಟೆ ಇದು. ಸುತ್ತಲೂ ಅಡಿಕೆ, ತೆಂಗು, ಕಾಳುಮೆಣಸು, ರಬ್ಬರ್. ಅಡಿಕೆಗೆ ಧಾರಣೆ ಬಂದ ವರ್ಷ ಬಟ್ಟೆ ಅಂಗಡಿಯಿಂದ ಚಿನ್ನದಂಗಡಿಯ ತನಕ ಎಲ್ಲರಿಗೂ ವ್ಯಾಪಾರ, ಧಾರಣೆ ಬಿದ್ದ ವರ್ಷ ಎಲ್ಲರಿಗೂ ಮಂಕು. ಅಜ್ಜ ಮಾಡಿದ್ದು ಚಾಲಿ ಅಡಿಕೆ, ಅಪ್ಪ ಮಾಡಿದ್ದು ಚಾಲಿ ಅಡಿಕೆ. ಮೊಮ್ಮಗ ಒಂದೋ ಅದನ್ನೇ ಮಾಡುತ್ತಾನೆ, ಇಲ್ಲವೇ ಗಲ್ಫಿಗೋ ಬೆಂಗಳೂರಿಗೋ ಹೋಗುತ್ತಾನೆ. ಇದನ್ನು ಕಂಡವರು ಹೇಳುವ ಪರಿಹಾರವೂ ಸಿದ್ಧವಾಗಿದೆ: ಶಿಬಿರ ಮಾಡಿ, ಪ್ರೇರಣೆಯ ಭಾಷಣ ಮಾಡಿಸಿ, ಶಾಲೆಯಲ್ಲಿ ಹೊಸ ಆಲೋಚನೆಗಳ ಸ್ಪರ್ಧೆ ಇಡಿ, ಹತ್ತು ಮಂದಿಯನ್ನು ದುಂಡಗೆ ಕೂರಿಸಿ ಬಾಯಿಗೆ ಬಂದ ಆಲೋಚನೆಯನ್ನೆಲ್ಲ ಬೋರ್ಡಿನ ಮೇಲೆ ಬರೆಸಿ.

ಈ ನಂಬಿಕೆಯನ್ನು ಪರೀಕ್ಷಿಸುವ ಮೊದಲು ಅದಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲಬೇಕು. ಹೊಸದೊಂದು ಮೊದಲು ಹೊಳೆಯುವುದು ಯಾರೋ ಒಬ್ಬರಿಗೆ, ಸಮಿತಿಗಲ್ಲ. ಬಾಯಿಪಾಠಕ್ಕೆ ಅಂಕ ಕೊಡುವ ಶಾಲೆ ಪ್ರಶ್ನೆ ಕೇಳುವ ಮಗುವನ್ನು ಬೆಳೆಸುವುದು ಕಷ್ಟ. ಚಿಕ್ಕ ಊರಿನಲ್ಲಿ ಬೇರೆ ದಾರಿ ಹಿಡಿದವನಿಗೆ ನೆರೆಕರೆಯ ನಗು ಕಾದಿರುತ್ತದೆ, ಆ ನಗುವಿಗೆ ಹೆದರಿ ಕೈಬಿಟ್ಟ ಕೆಲಸಗಳು ಇರಲೇಬೇಕು. ಇಷ್ಟನ್ನೂ ನಾನು ಒಪ್ಪುತ್ತೇನೆ. ಆದರೆ ಇವುಗಳಿಂದ ಆ ನಂಬಿಕೆ ಮೂರು ಹೆಜ್ಜೆ ಮುಂದೆ ಹೋಗುತ್ತದೆ. ಉದ್ಯಮದಲ್ಲಿ ಕೊರತೆ ಇರುವುದು ಆಲೋಚನೆಗೆ ಎನ್ನುವುದು ಮೊದಲನೆಯದು. ಆಲೋಚನೆ ವ್ಯಕ್ತಿಯ ತಲೆಯೊಳಗಿನ ಸಂಗತಿ ಎನ್ನುವುದು ಎರಡನೆಯದು. ಆದ್ದರಿಂದ ತಲೆಗಳಿಗೆ ತರಬೇತಿ ಕೊಟ್ಟರೆ ಹೊಸ ಉದ್ಯಮ ತಾನಾಗಿ ಬರುತ್ತದೆ ಎನ್ನುವುದು ಮೂರನೆಯದು. ಮೊದಲನೆಯದು ತಪ್ಪು, ಎರಡನೆಯದು ಅರ್ಧ ಮಾತ್ರ ಸರಿ, ಇವೆರಡರ ಮೇಲೆ ನಿಂತ ಮೂರನೆಯದಕ್ಕೆ ಬುಡವೇ ಇಲ್ಲ.

ಆಲೋಚನೆಗೆ ಬರವಿದೆಯೇ ಎಂದು ತಿಳಿಯಲು ಈ ಪ್ರದೇಶದ ತೋಟಗಳನ್ನು ನೋಡಿದರೆ ಸಾಕು. ಕಾಸರಗೋಡು ಮತ್ತು ಅದಕ್ಕೆ ತಾಗಿದ ದಕ್ಷಿಣ ಕನ್ನಡದ ಮುರಕಲ್ಲಿನ ಗುಡ್ಡಗಳಲ್ಲಿ ಬಾವಿಯ ಬದಲು ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು, ಪಂಪಿಲ್ಲದೆ, ಕರೆಂಟಿಲ್ಲದೆ ನೀರು ಹರಿಸುವ ವಿದ್ಯೆ ತಲೆಮಾರುಗಳಿಂದ ಇದೆ. ಮಳೆಗಾಲ ಮುಗಿದ ಮೇಲೂ ಬಿಟ್ಟುಬಿಟ್ಟು ಸುರಿಯುವ ಮಳೆಗೆ ಅಂಗಳದ ಅಡಿಕೆ ಬೂಸಲು ಹಿಡಿಯುತ್ತದೆಂದು ಪ್ಲಾಸ್ಟಿಕ್ ಹೊದಿಸಿದ ಸೋಲಾರ್ ಗೂಡುಗಳು ಮನೆಮನೆಯ ಎದುರು ಎದ್ದಿವೆ. ಮರ ಹತ್ತುವವರು ಸಿಗದಾದಾಗ ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರಕ್ಕೇ ಏರುವ ಬೈಕ್ ಕಟ್ಟಿದರು; 2019ರಲ್ಲಿ ದೇಶವೆಲ್ಲ ಅದರ ವಿಡಿಯೋ ನೋಡಿತು. ಕಣ್ಣೂರು ಜಿಲ್ಲೆಯ ಚೆಂಬೇರಿಯ ಕೃಷಿಕ ಜೋಸೆಫ್ ಮಾಡಿದ ತೆಂಗಿನ ಮರ ಹತ್ತುವ ಸಾಧನ ಕಡಲಾಚೆಗೂ ಹೋಗಿದೆ. ನೆಲದಲ್ಲೇ ನಿಂತು ಕೊನೆ ಕೊಯ್ಯುವ, ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ ಕೆಲವೇ ವರ್ಷಗಳಲ್ಲಿ ತೋಟದಿಂದ ತೋಟಕ್ಕೆ ಹಬ್ಬಿತು. ಬದಿಯಡ್ಕದಿಂದ ಹೆಚ್ಚು ದೂರವಿಲ್ಲದ ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರು ಬಯಲು ಗದ್ದೆಯ ಅನುಕೂಲವಿಲ್ಲದೆ ಪೇಪರ್ ಕಪ್ಪಿನಲ್ಲಿ ಬೀಜ ಮೊಳೆಯಿಸಿ, ಗ್ರೋ ಬ್ಯಾಗಿನಲ್ಲಿ ಬೆಳೆಸಿ, 650ಕ್ಕೂ ಮಿಕ್ಕಿ ಭತ್ತದ ತಳಿಗಳನ್ನು ಉಳಿಸಿದ್ದಾರೆ; 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇವರಲ್ಲಿ ಯಾರ ಕೆಲಸವೂ ಶಿಬಿರದಲ್ಲಿ ಹುಟ್ಟಿದ್ದಲ್ಲ. ಇಷ್ಟು ಚಿಕ್ಕ ಭೂಭಾಗದಲ್ಲಿ ಇಷ್ಟೊಂದು ಬಗೆಯ ಹೊಸತನ ಕಂಡಮೇಲೂ ‘ನಮ್ಮವರಿಗೆ ಯೋಚಿಸಲು ಗೊತ್ತಿಲ್ಲ’ ಎನ್ನುವವರು ಊರನ್ನು ನೋಡದೆ ಮಾತಾಡುತ್ತಿದ್ದಾರೆ.

ದುಂಡಗೆ ಕೂತು ಆಲೋಚನೆ ಸುರಿಸುವ ಪದ್ಧತಿಯ ಕಥೆಯೂ ತಿಳಿದಿರಲಿ. ಅಮೆರಿಕದ ಜಾಹೀರಾತು ಸಂಸ್ಥೆಯೊಂದರ ಪಾಲುದಾರ ಅಲೆಕ್ಸ್ ಆಸ್ಬಾರ್ನ್ ಅದನ್ನು 1953ರ ತನ್ನ ಪುಸ್ತಕದ ಮೂಲಕ ಜಗತ್ತಿಗೆಲ್ಲ ಹಂಚಿದ. ಐದೇ ವರ್ಷಕ್ಕೆ, 1958ರಲ್ಲಿ, ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಅದನ್ನು ಪರೀಕ್ಷೆಗೆ ಒಡ್ಡಿದರು. ಒಟ್ಟಿಗೆ ಕೂತ ಗುಂಪಿಗಿಂತ, ಅಷ್ಟೇ ಮಂದಿ ಬೇರೆಬೇರೆಯಾಗಿ ಕೂತು ಯೋಚಿಸಿದಾಗ ಹೆಚ್ಚು ಆಲೋಚನೆಗಳೂ ಹೆಚ್ಚು ಒಳ್ಳೆಯ ಆಲೋಚನೆಗಳೂ ಬಂದವು. ಆಮೇಲಿನ ಅನೇಕ ಪರೀಕ್ಷೆಗಳೂ ಇದನ್ನೇ ಹೇಳಿದವು. ಅರವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಅದು ಹುಟ್ಟಿದ ನಾಡಿನಲ್ಲೇ ಪ್ರಶ್ನೆಗೊಳಗಾದ ಪದ್ಧತಿಯನ್ನು ನಾವು ಇವತ್ತು ಹೊಸದೆಂದು ದುಡ್ಡು ಕೊಟ್ಟು ತರಿಸುತ್ತಿದ್ದೇವೆ. ಆದರೆ ನನ್ನ ತಕರಾರು ಈ ಪದ್ಧತಿಯ ದಕ್ಷತೆಯ ಬಗ್ಗೆ ಮಾತ್ರವಲ್ಲ. ಅದು ಚೆನ್ನಾಗಿ ಕೆಲಸ ಮಾಡಿದರೂ ಇಲ್ಲಿನ ಕೊರತೆ ತುಂಬುವುದಿಲ್ಲ, ಏಕೆಂದರೆ ಕೊರತೆ ಇರುವುದು ಬೇರೆ ಕಡೆ.

ಎಲ್ಲಿ ಎಂಬುದನ್ನು ಕೊಕ್ಕೋ ತೋರಿಸುತ್ತದೆ. 1970ರ ಆಸುಪಾಸಿನಲ್ಲಿ ಅಡಿಕೆ ಧಾರಣೆ ನೆಲಕಚ್ಚಿತು. ಬೆಳೆಗಾರ ಗಡಿಯ ಈಚೆಗಿದ್ದರೂ ಆಚೆಗಿದ್ದರೂ ಅವನ ಅಡಿಕೆ ಹೋಗುವ ಮಾರುಕಟ್ಟೆ ಒಂದೇ ಆಗಿತ್ತು. 1956ರ ನವೆಂಬರ್ 1ರಂದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ ಗೆರೆ ಆಡಳಿತವನ್ನು ಎರಡು ಮಾಡಿತೇ ಹೊರತು ತೋಟವನ್ನಲ್ಲ. ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರಿಗಾಗಿ ಕ್ಯಾಂಪ್ಕೊ ಎಂಬ ಸಹಕಾರ ಸಂಸ್ಥೆ ಹುಟ್ಟಿತು. ಅದೇ ದಶಕದಲ್ಲಿ ಅಡಿಕೆಯ ನೆರಳಲ್ಲಿ ಉಪಬೆಳೆಯಾಗಿ ಕೊಕ್ಕೋ ಹಬ್ಬಿತ್ತು. ಕ್ಯಾಡ್ಬರಿ ಕಂಪೆನಿ ಗಿಡ ಹಂಚಿ, ಹುರಿದುಂಬಿಸಿ, ಕೊಳ್ಳುವ ಮುಖ್ಯ ಗಿರಾಕಿಯಾಗಿತ್ತು. ದಶಕ ಮುಗಿಯುವ ಹೊತ್ತಿಗೆ ಜಾಗತಿಕ ಬೆಲೆ ಇಳಿಯಿತು, ಖರೀದಿ ನಿಂತಿತು. ಬೆಳೆಗಾರರು ಗಿಡ ಕಡಿಯತೊಡಗಿದರು. ಆಗ ಕ್ಯಾಂಪ್ಕೊ ಕೊಕ್ಕೋ ಖರೀದಿಗೆ ಇಳಿಯಿತು. ಕೊಂಡದ್ದನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರವಾಗಿ ಕೊನೆಗೆ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ಕಟ್ಟಿತು. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು.

ಈಗ ಕೇಳಬೇಕಾದ ಪ್ರಶ್ನೆ ಇದು: ಇಲ್ಲಿ ಹೊಸ ಆಲೋಚನೆ ಯಾವುದು? ಕೊಕ್ಕೋದಿಂದ ಚಾಕಲೇಟ್ ಮಾಡಬಹುದು ಎಂಬುದೇ? ಕೊಕ್ಕೋ ಹಿಂಡಿ ಬೆಣ್ಣೆ ತೆಗೆಯುವ ವಿಧಾನಕ್ಕೆ ಹಾಲೆಂಡಿನಲ್ಲಿ 1828ರಲ್ಲೇ ಹಕ್ಕುಸನ್ನದು ಪಡೆದಿದ್ದರು. ತಿನ್ನುವ ಚಾಕಲೇಟ್ ಬಾರನ್ನು ಇಂಗ್ಲೆಂಡಿನ ಫ್ರೈ ಕಂಪೆನಿ 1847ರಲ್ಲೇ ಮಾರಿತ್ತು. ಕೊಕ್ಕೋ ಬೆಳೆದ ಯಾವ ರೈತನಿಗೂ ಈ ಆಲೋಚನೆ ಹೊಳೆಯದೆ ಇರಲು ಸಾಧ್ಯವಿಲ್ಲ. ಹೊಳೆದರೂ ಎರಡು ಎಕರೆಯ ಬೆಳೆಗಾರ ಏನು ಮಾಡಬಲ್ಲ? ಕೊಕ್ಕೋ ಹುದುಗಿಸಿ ಒಣಗಿಸಿ ಹುರಿದು ಅರೆಯುವ ಯಂತ್ರಕ್ಕೆ ಅವನ ತೋಟವನ್ನೆಲ್ಲ ಮಾರಿದರೂ ಸಾಲದು. ಸೋತರೆ ಮನೆಯೇ ಹೋಗುತ್ತದೆ. ಕ್ಯಾಂಪ್ಕೊದಲ್ಲಿ ಹೊಸದಾಗಿದ್ದದ್ದು ಒಂದು ವ್ಯವಸ್ಥೆ: ಸಾವಿರಾರು ಜನ ತಮ್ಮ ಪಾಲಿನ ಚೂರು ಚೂರು ನಷ್ಟ ಹೊರಲು ಒಪ್ಪಿ, ಎಲ್ಲರಿಗೂ ಗೊತ್ತಿದ್ದ ಒಂದು ಆಲೋಚನೆಯನ್ನು ಯಾರಾದರೂ ಮಾಡಿ ನೋಡುವಷ್ಟು ಜಾಗ ಮಾಡಿಕೊಟ್ಟದ್ದು. ಸಾಹಸಕ್ಕೆ ಒಬ್ಬನ ಎದೆಗಾರಿಕೆ ಬೇಕಿತ್ತು ನಿಜ. ಆ ಎದೆಗಾರಿಕೆ ಬೆಲೆಬಾಳಿದ್ದು ಅದರ ಹಿಂದೆ ಹಂಚಿಕೊಂಡ ನಷ್ಟದ ಒಪ್ಪಂದವಿದ್ದುದರಿಂದ. ಗುಜರಾತಿನ ಆಣಂದದಲ್ಲೂ ಇದೇ ನಡೆದಿತ್ತು. ಎಮ್ಮೆ ಹಾಲಿನಿಂದ ಪುಡಿ ಮಾಡಲಾಗದು ಎಂದು ಹೊರದೇಶದ ತಜ್ಞರು ಹೇಳುತ್ತಿದ್ದಾಗ, ಅಲ್ಲಿನ ತಂತ್ರಜ್ಞ ಎಚ್. ಎಂ. ದಲಾಯ ಮಾಡಿ ತೋರಿಸಿದರು. 1955ರಲ್ಲಿ ಅದರ ಕಾರ್ಖಾನೆ ನಿಂತಿತು. ದಲಾಯರ ಬುದ್ಧಿ ಅಪರೂಪದ್ದು. ಆದರೆ 1946ರಲ್ಲಿ ಹುಟ್ಟಿದ, ನಿತ್ಯ ಹಾಲು ಬಂದು ಸೇರುವ, ಕಾರ್ಖಾನೆಯ ಅಪಾಯವನ್ನು ಹೊರಬಲ್ಲ ಹಾಲಿನ ಸಹಕಾರಿ ಒಕ್ಕೂಟ ಬೆನ್ನಿಗಿಲ್ಲದಿದ್ದರೆ ಆ ಬುದ್ಧಿ ಪ್ರಯೋಗಾಲಯದ ಟಿಪ್ಪಣಿ ಪುಸ್ತಕದಲ್ಲೇ ಉಳಿಯುತ್ತಿತ್ತು.

ಇಲ್ಲಿ ಒಂದು ಸಾಮಾನ್ಯ ಉತ್ತರ ಬರುತ್ತದೆ: ಅಗತ್ಯವೇ ಎಲ್ಲವನ್ನೂ ಮಾಡಿಸುತ್ತದೆ, ಧಾರಣೆ ಬಿದ್ದದ್ದಕ್ಕೆ ಕ್ಯಾಂಪ್ಕೊ ಬಂತು, ಕಷ್ಟ ಬಂದಾಗ ಬುದ್ಧಿ ತಾನೇ ಓಡುತ್ತದೆ. ಇದು ನಿಜವಾಗಿದ್ದರೆ ಒಂದೇ ಬಗೆಯ ಕಷ್ಟಕ್ಕೆ ಪ್ರತಿ ಸಲವೂ ಒಂದೇ ಬಗೆಯ ಫಲ ಬರಬೇಕಿತ್ತು. ವೆನಿಲ್ಲಾದಲ್ಲಿ ಹಾಗಾಗಲಿಲ್ಲ. ಮಡಗಾಸ್ಕರಿನ ಚಂಡಮಾರುತದಿಂದ ಜಾಗತಿಕ ಪೂರೈಕೆ ಕುಗ್ಗಿ, 2003ರ ಹೊತ್ತಿಗೆ ಇಲ್ಲಿ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಬಂತು. ಕರಾವಳಿಯಲ್ಲೂ ಮಲೆನಾಡಿನಲ್ಲೂ ಮನೆಮಂದಿಯೆಲ್ಲ ಬೆಳಗ್ಗೆದ್ದು ಒಂದೊಂದೇ ಹೂವಿಗೆ ಕೈಯಾರೆ ಪರಾಗಸ್ಪರ್ಶ ಮಾಡಿದರು, ಕಳ್ಳರಿಗೆ ಹೆದರಿ ರಾತ್ರಿ ಕಾವಲು ಕಾದರು. ಹೊಸ ವಿದ್ಯೆ ಕಲಿಯಲು ನಮ್ಮ ಕೃಷಿಕರು ಹಿಂಜರಿದರೆಂದು ಯಾರೂ ಹೇಳಲಾರರು. ಒಂದೆರಡು ವರ್ಷದಲ್ಲಿ ಬೆಲೆ ಪಾತಾಳಕ್ಕಿಳಿಯಿತು, ಬಳ್ಳಿಗಳನ್ನು ಕಿತ್ತೆಸೆದರು. ಕೊಕ್ಕೋಕ್ಕೆ ಆದ ಹಾಗೆ ಕುಸಿತವನ್ನು ತಡೆದು ನಿಲ್ಲಿಸಿ, ಅದರಿಂದಲೇ ಇನ್ನೊಂದು ಸರಕು ಮಾಡುವ ವ್ಯವಸ್ಥೆ ಗಟ್ಟಿಯಾಗಿ ಬೆಳೆಯಲಿಲ್ಲ. ಎರಡರ ನಡುವಿನ ಅಂತರವನ್ನು ಪೂರ್ತಿಯಾಗಿ ವ್ಯವಸ್ಥೆಯ ಲೆಕ್ಕಕ್ಕೆ ಹಾಕುವುದೂ ತಪ್ಪಾದೀತು: ಚಾಕಲೇಟಿಗೆ ದೇಶದೊಳಗೇ ತಿನ್ನುವ ಜನವಿತ್ತು, ನಿಜ ವೆನಿಲ್ಲಾಕ್ಕೆ ಅಗ್ಗದ ಕೃತಕ ಸುವಾಸನೆಯ ಸ್ಪರ್ಧೆಯಿತ್ತು. ಆದರೂ ಕಷ್ಟವೊಂದೇ ಹೊಸತನವನ್ನು ಹೆರುತ್ತದೆ ಎಂಬ ಮಾತು ನಿಲ್ಲುವುದಿಲ್ಲ. ಅದರ ಪಾಡಿಗೆ ಬಿಟ್ಟರೆ ಕಷ್ಟ ಹೆಚ್ಚಾಗಿ ಹೆರುವುದು ವಲಸೆಯನ್ನು, ತೋಟ ಮಾರಾಟವನ್ನು. ವೆನಿಲ್ಲಾದ ಮಾತಿಗೆ ಇನ್ನೊಂದು ಸಂಗತಿ ಸೇರಿಸಬೇಕು. ನಮ್ಮ ಮನೆಯ ಹೆಂಗಸರು ಕಡ್ಡಿಯಲ್ಲಿ ಮಾಡಿದ ಆ ಪರಾಗಸ್ಪರ್ಶದ ಚಮತ್ಕಾರವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ. ಜಗತ್ತಿನ ವೆನಿಲ್ಲಾ ವ್ಯಾಪಾರ ಅವನ ಬೆರಳ ಮೇಲೆ ನಿಂತಿತು. ಅವನು ಬಡವನಾಗಿಯೇ ಸತ್ತ. ಬುದ್ಧಿ ಇದ್ದಲ್ಲಿ ಫಲವೂ ಇರುತ್ತದೆ ಎನ್ನುವವರು ಈ ಹುಡುಗನನ್ನು ನೆನೆಯಬೇಕು.

ಕೃಷಿ ಆಧಾರಿತ ಉದ್ಯಮದಲ್ಲಿ ಕಾಲದ ಪ್ರಶ್ನೆ ಇನ್ನೂ ಕಠಿಣ. ನಗರದ ಕಂಪೆನಿಗಳಲ್ಲಿ ಬೇಗ ಸೋತು ಬೇಗ ಕಲಿಯಿರಿ ಎಂಬ ಉಪದೇಶವಿದೆ. ಬೆಳಗ್ಗೆ ಬರೆದ ಪ್ರೋಗ್ರಾಂ ಸಂಜೆ ತಪ್ಪೆಂದು ಗೊತ್ತಾದರೆ ಅಳಿಸಿ ಬರೆಯಬಹುದು, ಅಲ್ಲಿ ಆ ಮಾತು ಸರಿ. ಅಡಿಕೆ ಸಸಿ ನೆಟ್ಟವನಿಗೆ ತಾನು ಸರಿಯೋ ತಪ್ಪೋ ಎಂದು ತಿಳಿಯಲು ಆರೇಳು ವರ್ಷ ಬೇಕು. ರಬ್ಬರಿಗೂ ಹೆಚ್ಚುಕಡಿಮೆ ಅಷ್ಟೇ. ತಳಿ ಕೈಕೊಟ್ಟರೆ ಹೋದದ್ದು ಹಣ ಮಾತ್ರವಲ್ಲ, ಒಬ್ಬನ ದುಡಿಯುವ ಆಯುಷ್ಯದ ಐದನೆಯ ಒಂದು ಪಾಲು. ಇಂಥಲ್ಲಿ ಅಜ್ಜನ ದಾರಿ ಬಿಡದವನನ್ನು ಮಂದಬುದ್ಧಿಯವನೆನ್ನುವುದು ಅನ್ಯಾಯ. ಅವನು ತನ್ನ ನಷ್ಟದ ಲೆಕ್ಕವನ್ನು ಶಿಬಿರದ ಭಾಷಣಕಾರನಿಗಿಂತ ಚೆನ್ನಾಗಿ ಮಾಡಿದ್ದಾನೆ. ಇಂಥ ಬೆಳೆಗಳಲ್ಲಿ ಹೊಸತನ ಬಂದಾಗೆಲ್ಲ ಪರೀಕ್ಷೆಯ ಕಾಲವನ್ನು ಬೇರೆ ಯಾರೋ ಹೊತ್ತದ್ದು ಕಾಣುತ್ತದೆ. ಚೀನಾ ಮೂಲದ ಅಡಿಕೆ ತಳಿಯನ್ನು ವಿಟ್ಲದ ಸರಕಾರಿ ಸಂಶೋಧನಾ ಕೇಂದ್ರ ವರ್ಷಗಟ್ಟಲೆ ಬೆಳೆಸಿ ನೋಡಿ 1972ರಲ್ಲಿ ‘ಮಂಗಳಾ’ ಎಂದು ಬಿಡುಗಡೆ ಮಾಡಿತು. ಅದಾದ ಮೇಲೆಯೇ ರೈತ ನೆಟ್ಟ. ಕೊಳೆರೋಗಕ್ಕೆ ನಾವು ಬಿಡುವ ಮೈಲುತುತ್ತು–ಸುಣ್ಣದ ಮದ್ದಿನ ಕಥೆಯೂ ಹೀಗೆಯೇ. ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗೆ ಆ ನೀಲಿ ದ್ರಾವಣ ಎರಚುತ್ತಿದ್ದರು; ಅಂಥ ಬಳ್ಳಿಗೆ ರೋಗ ಬರಲಿಲ್ಲವೆಂದು 1882ರಲ್ಲಿ ಮಿಲಾರ್ದೆ ಎಂಬ ಪ್ರಾಧ್ಯಾಪಕ ಗಮನಿಸಿದ, ಮೂರು ವರ್ಷ ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದ. ಅದನ್ನು ಅಡಿಕೆಯ ಕೊಳೆರೋಗಕ್ಕೆ ಒಗ್ಗಿಸಿದ್ದು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಪರೀಕ್ಷೆಯ ಖರ್ಚು ಸಂಸ್ಥಾನದ್ದಾಗಿತ್ತು. ಮದ್ದು ಸೋತಿದ್ದರೆ ಯಾವ ಬೆಳೆಗಾರನ ಮನೆಯೂ ಮುಳುಗುತ್ತಿರಲಿಲ್ಲ.

ನಷ್ಟವನ್ನು ಪೂರ್ತಿಯಾಗಿ ಒಬ್ಬನೇ ಹೊತ್ತು ಗೆದ್ದವರೂ ಇದ್ದಾರಲ್ಲ ಎಂದು ಕೇಳಬಹುದು. ಇದ್ದಾರೆ. ಅಡ್ಯನಡ್ಕದ ಹತ್ತಿರ ಅಮೈಯ ಮಹಾಲಿಂಗ ನಾಯ್ಕರು ಕೂಲಿ ಮಾಡುತ್ತಿದ್ದವರು. ಧಣಿಗಳು ಕೊಟ್ಟ ಎರಡು ಎಕರೆ ಬೋಳುಗುಡ್ಡದಲ್ಲಿ, ಹಗಲಿನ ಕೂಲಿ ಮುಗಿಸಿ ಬಂದು, ಒಬ್ಬರೇ ಸುರಂಗ ಕೊರೆದರು. ಹಲವು ಸುರಂಗಗಳು ಸೋತ ಮೇಲೆ ನೀರು ಸಿಕ್ಕಿತು, ಗುಡ್ಡ ತೋಟವಾಯಿತು, 2022ರಲ್ಲಿ ಪದ್ಮಶ್ರೀ ಬಂತು. ಅವರ ಮುಂದೆ ಕೈಮುಗಿಯಬೇಕು. ಆದರೆ ಈ ಉದಾಹರಣೆಯನ್ನು ಎತ್ತಿ ‘ನೋಡಿ, ಮನಸ್ಸಿದ್ದರೆ ಮಾರ್ಗ’ ಎಂದು ಯುವಕರಿಗೆ ಹೇಳುವವರು ಅದರ ಲೆಕ್ಕವನ್ನು ಪೂರ್ತಿ ಓದಿಲ್ಲ. ಅವರ ಬಂಡವಾಳ ಸ್ವಂತ ಮೈಯ ದುಡಿಮೆ, ಸಾಲವಲ್ಲ, ಭೂಮಿ ಕೈಯಲ್ಲಿತ್ತು, ಸೋತ ಸುರಂಗಕ್ಕೆ ಬಡ್ಡಿ ಕಟ್ಟಬೇಕಿರಲಿಲ್ಲ. ವಿದ್ಯೆಯೂ ಹೊಸದಲ್ಲ, ಊರಿನದೇ. ಬ್ಯಾಂಕಿನಿಂದ ಐದು ಲಕ್ಷ ಎತ್ತಿ ಹಾಳೆತಟ್ಟೆಯ ಯಂತ್ರ ಹಾಕಿದವನು ಮೊದಲ ಸಲ ಸೋತರೆ ಎರಡನೆಯ ಸುರಂಗ ಕೊರೆಯುವ ಅವಕಾಶವೇ ಇರುವುದಿಲ್ಲ. ಮೇಲಾಗಿ, ಒಬ್ಬ ಮಹಾಲಿಂಗ ನಾಯ್ಕರನ್ನು ನಾವು ಕಾಣುತ್ತೇವೆ. ಸೋತ ಸುರಂಗದಲ್ಲೇ ಬದುಕು ಮುಗಿಸಿದವರ ಹೆಸರು ಎಲ್ಲೂ ಬರುವುದಿಲ್ಲ. ಗೆದ್ದವರನ್ನು ಮಾತ್ರ ಎಣಿಸಿ ನಿಯಮ ಮಾಡುವುದು ತರ್ಕದ ತಪ್ಪು.

ಇಷ್ಟು ನೋಡಿದ ಮೇಲೆ ಉದ್ಯಮದಲ್ಲಿ ಹೊಸತನ ಬೆಳೆಯಲು ಬೇಕಾದ ಸ್ಥಿತಿಯನ್ನು ಮೂರು ಮಾತಿನಲ್ಲಿ ಹೇಳಬಹುದು.

1. ಪ್ರಯೋಗ ಚಿಕ್ಕದಾಗಿರಬೇಕು. ಬೇಳೇರಿಯವರ ಪೇಪರ್ ಕಪ್ಪು ಮಾಡಿದ್ದು ಇದನ್ನೇ: ಒಂದು ತಳಿ ಹೋದರೆ ಒಂದು ಕಪ್ಪು ಹೋಯಿತು, ಗದ್ದೆಯಲ್ಲ.

2. ಸೋತರೆ ಎಷ್ಟು ನಷ್ಟ, ಅದು ಯಾರ್ಯಾರಿಗೆ ಎಷ್ಟೆಷ್ಟು ಎಂಬುದು ಶುರುವಾಗುವ ಮೊದಲೇ ತೀರ್ಮಾನವಾಗಿರಬೇಕು. ಸೋತ ಮೇಲೆ ಹುಡುಕುವ ಪಾಲುದಾರ ಸಿಗುವುದಿಲ್ಲ.

3. ಫಲಿತಾಂಶ, ಅದರಲ್ಲೂ ಸೋತದ್ದು, ಎಲ್ಲರಿಗೂ ತಿಳಿಯಬೇಕು. ಇಲ್ಲವಾದರೆ ಒಂದೇ ತಪ್ಪನ್ನು ಹತ್ತು ಊರಿನವರು ಹತ್ತು ಸಲ ದುಡ್ಡು ಕೊಟ್ಟು ಕಲಿಯಬೇಕಾಗುತ್ತದೆ.

ಈ ಮೂರನೆಯದನ್ನು ನಮ್ಮಲ್ಲಿ ಹಗುರವಾಗಿ ಕಾಣುತ್ತಾರೆ. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟು ಬರೆಯಲು ಕಲಿಸಿತು. ಅದರ ಸಂಪಾದಕತ್ವ ಹೊತ್ತ ಶ್ರೀಪಡ್ರೆಯವರು ಬದಿಯಡ್ಕಕ್ಕೆ ಹತ್ತಿರದ ಎಣ್ಮಕಜೆ ಪಂಚಾಯತಿನವರೇ. ಯಂತ್ರ ಮಾಡಿದವನು, ಅದನ್ನು ಕೊಂಡು ಬಳಸಿದವನು, ಬಳಸಿ ಬೇಸತ್ತವನು ಒಂದೇ ಕಾಗದದ ಮೇಲೆ ಮಾತಾಡುವಂತಾದದ್ದು ಈ ಪ್ರದೇಶದ ಉದ್ಯಮಕ್ಕೆ ಆದ ದೊಡ್ಡ ಉಪಕಾರ. ಹಲಸನ್ನು ಹಂದಿಗೂ ದನಕ್ಕೂ ಬಿಟ್ಟಿದ್ದ ಜನ ಅದರ ಚಿಪ್ಸ್, ಹಪ್ಪಳ, ಒಣಗಿಸಿದ ಸೊಳೆಗೆ ಮಾರುಕಟ್ಟೆ ಇದೆ ಎಂದು ನಂಬತೊಡಗಿದ್ದರ ಹಿಂದೆ ಇಂಥ ಬರವಣಿಗೆ ಇದೆ. ಸುದ್ದಿ ಸಾಗುವ ದಾರಿಯನ್ನು ಉದ್ಯಮದ ಬಂಡವಾಳವೆಂದು ಯಾವ ಬ್ಯಾಂಕೂ ಎಣಿಸುವುದಿಲ್ಲ. ಅದು ಬಂಡವಾಳವೇ.

ಇದೆಲ್ಲ ಕೃಷಿಯ ಮಾತು, ಕಂಪೆನಿಯ ಲೋಕ ಬೇರೆ ಎನ್ನುವವರಿಗೆ ಎರಡು ಉದಾಹರಣೆ ಸಾಕು. ಅಮೆರಿಕದ 3ಎಂ ಕಂಪೆನಿಯಲ್ಲಿ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಗಟ್ಟಿಯಾಗಿ ಅಂಟದ ಒಂದು ಅಂಟು ಮಾಡಿದ. ಬಲವಾದ ಅಂಟು ಹುಡುಕುತ್ತಿದ್ದವನಿಗೆ ಅದು ಸೋಲು. ಸಹೋದ್ಯೋಗಿ ಆರ್ಟ್ ಫ್ರೈಗೆ ಅದರ ಬಳಕೆ ಹೊಳೆದದ್ದು 1974ರಲ್ಲಿ. ಹಾಳೆಗೆ ಅಂಟಿಸಿ ಕೀಳಬಹುದಾದ ಚೀಟಿಯಾಗಿ ಪೇಟೆಗೆ ಬಂದದ್ದು 1980ರಲ್ಲಿ. ಹನ್ನೆರಡು ವರ್ಷ ಆ ಸೋಲನ್ನು ಕಸದ ಬುಟ್ಟಿಗೆ ಹಾಕದೆ ಉಳಿಸಿದ್ದು ಆ ಕಂಪೆನಿಯ ಏರ್ಪಾಡು: ಕೆಲಸದ ವೇಳೆಯ ಒಂದು ಪಾಲನ್ನು ನೌಕರ ತನಗೆ ಬೇಕಾದ ಪ್ರಯೋಗಕ್ಕೆ ಬಳಸಬಹುದಿತ್ತು, ಸಂಬಳ ಕಡಿತವಿರಲಿಲ್ಲ. ಜಪಾನಿನ ಟೊಯೋಟಾ 1951ರಿಂದ ಕಾರ್ಖಾನೆಯ ಕೆಲಸಗಾರರ ಸಲಹೆ ಪಡೆಯುವ ಪದ್ಧತಿ ನಡೆಸುತ್ತಿದೆ. ಅಲ್ಲಿ ಕೇಳುವುದು ಲೋಕ ಬದಲಿಸುವ ಕಲ್ಪನೆಗಳನ್ನಲ್ಲ. ತನ್ನ ಕೈಯಲ್ಲಿರುವ ಕೆಲಸದಲ್ಲಿ ಒಂದು ಹೆಜ್ಜೆ ಉಳಿಸುವ ಚಿಕ್ಕ ಉಪಾಯವನ್ನು. ಎರಡೂ ಕಡೆ ತಲೆಗಳು ನಮ್ಮ ತಲೆಗಳಂಥವೇ. ಬೇರೆಯಾಗಿದ್ದದ್ದು ಸೋಲಿನ ಖರ್ಚು ಹಾಕುವ ಖಾತೆ.

ಕಾನೂನನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ತೆಂಗಿನ ಹೊಂಬಾಳೆಯ ರಸವನ್ನು ಹುಳಿಯಾಗದ ಹಾಗೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಳಿಸುವ ಉಪಾಯವನ್ನು ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಕಂಡುಕೊಂಡು ‘ಕಲ್ಪರಸ’ ಎಂದು ಹೆಸರಿಟ್ಟಿತು. ಆಲೋಚನೆ ಇತ್ತು, ತಂತ್ರ ಇತ್ತು, ಮರಗಳಂತೂ ಹಿತ್ತಲಲ್ಲೇ ಇದ್ದವು. ಆದರೆ ನೀರಾ ಎಂಬ ಈ ರಸ ಇಳಿಸುವುದು ಅಬಕಾರಿ ಕಾನೂನಿನ ಕೆಳಗೆ ಬರುತ್ತಿತ್ತು. ಕೇರಳದಲ್ಲಿ ಪರವಾನಗಿ ಸಿಗತೊಡಗಿದ್ದು 2014ರ ಹೊತ್ತಿಗೆ. ಕಳ್ಳಿನಂಗಡಿಗೆಂದು ಮಾಡಿದ ಕಾನೂನಿನಡಿ ಸಿಹಿರಸ ಮಾರಲು ಹೊರಟವನಿಗೆ ಎಂಥ ಪ್ರೇರಣಾ ಶಿಬಿರ ಸಹಾಯ ಮಾಡೀತು?

ನನ್ನ ವಾದಕ್ಕೆ ಇರುವ ಅತಿ ಬಲವಾದ ಆಕ್ಷೇಪವನ್ನು ಈಗ ಎದುರಿಸಬೇಕು. ನಷ್ಟವನ್ನು ಹಂಚಿದರೆ ಜನ ಬೇಜವಾಬ್ದಾರರಾಗುತ್ತಾರೆ. ಸಹಕಾರ ಸಂಘ, ಸರಕಾರಿ ಸಂಸ್ಥೆ ಎಂದರೆ ಕಡತ, ಚುನಾವಣೆ, ಗುಂಪುಗಾರಿಕೆ. ಅಲ್ಲಿ ಹೊಸತನ ಸಾಯುತ್ತದೆ, ಬೆಳೆಯುವುದಿಲ್ಲ. ಇದರಲ್ಲಿ ಸತ್ಯವಿದೆ. ಎಲ್ಲ ನಷ್ಟವನ್ನೂ ಬೇರೆಯವರು ಹೊತ್ತರೆ ಕೆಟ್ಟ ಪ್ರಯೋಗಗಳೇ ಹೆಚ್ಚುತ್ತವೆ. ಸಬ್ಸಿಡಿ ಸಿಗುವಷ್ಟು ದಿನ ನಡೆದು ಮರುದಿನ ತುಕ್ಕು ಹಿಡಿದ ಯಂತ್ರಗಳು ಎಲ್ಲ ಪಂಚಾಯತುಗಳಲ್ಲೂ ಇವೆ. ಸಂಘಗಳ ಬಗ್ಗೆಯೂ ಮಾತು ನಿಜ, ಆದರೆ ಕಾರಣ ಬೇರೆ. ಸಂಘದ ಕಾರ್ಯದರ್ಶಿಗೆ ಬುದ್ಧಿಯಿಲ್ಲವೆಂದಲ್ಲ. ಲೆಕ್ಕಪರಿಶೋಧನೆಗೆ ಬಂದವರು ನಷ್ಟ ಕಂಡೊಡನೆ ಯಾರ ತಪ್ಪು ಎಂದು ಕೇಳುತ್ತಾರೆ. ಮಹಾಸಭೆಯಲ್ಲಿ ಎದುರು ಗುಂಪಿನವರು ಅದನ್ನೇ ಎತ್ತುತ್ತಾರೆ. ಏನೂ ಮಾಡದೆ ಕೂತವನಿಗೆ ಯಾರೂ ಏನೂ ಕೇಳುವುದಿಲ್ಲ. ಪ್ರಾಮಾಣಿಕ ಪ್ರಯೋಗದ ಸೋಲನ್ನೂ ಅವ್ಯವಹಾರವನ್ನೂ ಒಂದೇ ಸಾಲಿನಲ್ಲಿ ಬರೆಯುವ ಖಾತೆ ಪುಸ್ತಕ ಇರುವ ತನಕ ಜಾಣನಾದವನು ಸುಮ್ಮನಿರುತ್ತಾನೆ. ಹಾಗಾಗಿ ಈ ಆಕ್ಷೇಪ ನನ್ನ ವಾದವನ್ನು ಕೆಡವುವುದಕ್ಕಿಂತ ಅದನ್ನು ತಿದ್ದುತ್ತದೆ. ಹಂಚಿಕೆ ಪೂರ್ತಿಯಾಗಬಾರದು, ಪ್ರಯೋಗಿಸುವವನ ಶ್ರಮ ಮತ್ತು ಖ್ಯಾತಿಯ ಜತೆಗೆ ಸ್ವಲ್ಪ ಹಣವೂ ಪಣಕ್ಕಿರಬೇಕು. ಮೊತ್ತಕ್ಕೆ ಮಿತಿ, ಕಾಲಕ್ಕೆ ಮಿತಿ ಇರಬೇಕು. ಮತ್ತು ಆ ಹಣ ಹೋಗಬಹುದೆಂದು ಸದಸ್ಯರು ಮೊದಲೇ ಒಪ್ಪಿ ಬೇರೆ ಶೀರ್ಷಿಕೆಯಲ್ಲಿ ಇಟ್ಟಿರಬೇಕು, ಹಾಗಿದ್ದರೆ ಹೋದಾಗ ಅದು ಅಪರಾಧವಾಗುವುದಿಲ್ಲ.

ಇದು ಬಿಡುವಿದ್ದಾಗ ಮಾಡುವ ಚರ್ಚೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯಡಿಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರು ಇದನ್ನು ಪ್ರಶ್ನಿಸುತ್ತಲೇ ಬಂದಿದ್ದಾರೆ, ಆ ಜಗಳ ಮುಗಿದಿಲ್ಲ. ಅದು ಹೇಗೆ ಮುಗಿದರೂ ಒಂದು ಇಡೀ ಪ್ರದೇಶದ ಪೇಟೆ, ಶಾಲಾ ಶುಲ್ಕ, ಮದುವೆ, ಆಸ್ಪತ್ರೆ ಖರ್ಚು ಎಲ್ಲವೂ ಜಗಿಯುವ ಒಂದೇ ಬಳಕೆಯನ್ನು ನಂಬಿ ನಿಂತಿರುವುದು ಕ್ಷೇಮವಲ್ಲ. ಅಡಿಕೆಯ ಚೊಗರಿನಿಂದ ಬಣ್ಣ, ಸಿಪ್ಪೆಯಿಂದ ನಾರು, ಹಾಳೆಯಿಂದ ತಟ್ಟೆ ಎಂದು ಆಲೋಚನೆಗಳ ಪಟ್ಟಿ ಉದ್ದವಾಗಿಯೇ ಇದೆ, ಎಲ್ಲರಿಗೂ ಗೊತ್ತಿದೆ. ಅವುಗಳಲ್ಲಿ ಯಾವುದು ಪೇಟೆಯಲ್ಲಿ ನಿಲ್ಲುತ್ತದೆಂದು ಕೂತಲ್ಲಿಂದ ಯಾರೂ ಹೇಳಲಾರರು. ಹತ್ತನ್ನು ಮಾಡಿ ನೋಡಬೇಕು, ಎಂಟು ಸೋಲಲು ಬಿಡಬೇಕು.

ಬದಿಯಡ್ಕ, ನೀರ್ಚಾಲು, ಪೆರ್ಲ, ಮುಳ್ಳೇರಿಯದ ಸುತ್ತಿನ ಸಹಕಾರ ಸಂಘಗಳ ಸದಸ್ಯರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಮಹಾಸಭೆಗೆ ಹೋಗಿ. ಲಾಭಾಂಶದ ಮಾತು ಮುಗಿದ ಮೇಲೆ ಎದ್ದುನಿಂತು, ಲಾಭದ ಒಂದು ಚಿಕ್ಕ ಪಾಲನ್ನು ಪ್ರಯೋಗ ನಿಧಿಯೆಂದು ಬೇರೆಯಿಡಿ ಎಂದು ಠರಾವು ಮಂಡಿಸಿ. ಯಾರು ಅರ್ಜಿ ಹಾಕಬಹುದು, ಒಬ್ಬರಿಗೆ ಹೆಚ್ಚೆಂದರೆ ಎಷ್ಟು, ಎಷ್ಟು ವರ್ಷ, ಸೋತರೆ ಅವರ ಪಾಲೆಷ್ಟು ಸಂಘದ ಪಾಲೆಷ್ಟು ಎಂದು ಅದರಲ್ಲೇ ಬರೆಸಿ. ಸೋತವರು ಏಕೆ ಸೋತೆವೆಂದು ಮರುವರ್ಷದ ಸಭೆಯಲ್ಲಿ ಓದಿ ಹೇಳಬೇಕೆಂಬ ಷರತ್ತನ್ನೂ ಹಾಕಿಸಿ. ಅದಕ್ಕೆ ನಗುವವರಿದ್ದರೆ ಮೊದಲು ಅವರಿಂದಲೇ ಅನುಮೋದನೆಯ ಕೈ ಎತ್ತಿಸಿ.